ಬಿಸಿನೀರು ಬಂದದ್ದು ಬಿಸಿಲಿನಿಂದಲ್ಲ: ಕೊಂಡ ಮನೆಯಲ್ಲಿ ಮುಚ್ಚಿಟ್ಟ ದೋಷ ಸಿಕ್ಕರೆ

ಫೆಬ್ರವರಿಯ ಒಂದು ಮಧ್ಯಾಹ್ನ ಅಕ್ಕ, ಭಾವನ ಜೊತೆ ಮಂಗಳೂರಿನ ಶಕ್ತಿನಗರದ ಕಡೆ ಮನೆ ನೋಡಲು ಹೋಗಿದ್ದೆ. ಹನ್ನೆರಡು ವರ್ಷದ ತಾರಸಿ ಮನೆ, ಮುರಕಲ್ಲಿನ ಕಾಂಪೌಂಡು, ಅಂಗಳದಲ್ಲಿ ಎರಡು ತೆಂಗಿನ ಮರ, ಒಳಗೆಲ್ಲ ಹೊಸ ಪೈಂಟಿನ ವಾಸನೆ. ಯಜಮಾನರು ಗಲ್ಫಿನಲ್ಲಿ. ಮನೆ ತೋರಿಸಿದವರು ಅವರ ತಮ್ಮ. ಅಣ್ಣನ ಪರವಾಗಿ ಮಾರುವ ಅಧಿಕಾರ ಪತ್ರ, ಅಂದರೆ ಜಿಪಿಎ, ಅವರ ಹೆಸರಿನಲ್ಲೇ ಇತ್ತು. ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿ, "ಕೈ ಹಿಡಿದು ನೋಡಿ, ಸೋಲಾರಿಂದು" ಎಂದರು. ಭಾವ ಕೈ ಹಿಡಿದವರು ಥಟ್ಟನೆ ಹಿಂದಕ್ಕೆಳೆದುಕೊಂಡರು. ಅಷ್ಟು ಬಿಸಿ. ಅಕ್ಕನ ಮುಖ ಅರಳಿತು. ಮಾರ್ಚಿನಲ್ಲಿ ಕ್ರಯಪತ್ರ ನೋಂದಣಿಯಾಯಿತು.

ಏಪ್ರಿಲ್ ತಿಂಗಳ ಮೆಸ್ಕಾಂ ಬಿಲ್ಲು ಬಂದಾಗ ಭಾವ ಮೊದಲು ಬೈದದ್ದು ಮೀಟರಿಗೆ. ಮನೆಯಲ್ಲಿ ಮೂರೇ ಜನ, ಎಸಿ ಇಲ್ಲ. ಆದರೂ 200 ಯೂನಿಟ್ ದಾಟಿತ್ತು. ಗೃಹಜ್ಯೋತಿ ಕೈತಪ್ಪಿ ಪೂರ್ತಿ ಹಣ ಕಟ್ಟಬೇಕಾಯಿತು. ಎಲೆಕ್ಟ್ರಿಷಿಯನ್ ಟೆರೇಸು ಹತ್ತಿ ಇಳಿದು ಬಂದು ಹೇಳಿದ್ದಿಷ್ಟೇ: "ಸೋಲಾರ್ ಹೆಸರಿಗೆ ಮಾತ್ರ ಉಂಟು." ಗಾಜಿನ ಕೊಳವೆಗಳಲ್ಲಿ ನೀರು ಕಾಯಿಸುವ ಬಗೆಯ ಸೋಲಾರಿನಲ್ಲಿ ಪ್ರತಿ ಕೊಳವೆಯ ತುದಿಯಲ್ಲಿ ಕನ್ನಡಿಯಂತೆ ಹೊಳೆಯುವ ಬೆಳ್ಳಿ ಬಣ್ಣ ಇರಬೇಕು. ಒಳಗಿನ ನಿರ್ವಾತ ಹೋದ ಕೊಳವೆಯಲ್ಲಿ ಅದು ಹಾಲಿನಂತೆ ಬಿಳಿಚಿಕೊಳ್ಳುತ್ತದೆ. ಅಲ್ಲಿದ್ದ ಹದಿನೈದರಲ್ಲಿ ಹತ್ತು ಬಿಳಿ. ನೀರು ಕಾಯಿಸುತ್ತಿದ್ದದ್ದು ಟ್ಯಾಂಕಿನೊಳಗಿನ 2 ಕಿಲೋವ್ಯಾಟಿನ ಬ್ಯಾಕಪ್ ಕಾಯಿಲು. ಅದರ ಸ್ವಿಚ್ಚು ಮೆಟ್ಟಿಲ ಕೆಳಗಿನ ಕತ್ತಲಲ್ಲಿ ಸದಾ ಆನ್. ದಿನಕ್ಕೆ ಮೂರು ತಾಸು ಉರಿದರೂ 6 ಯೂನಿಟ್, ತಿಂಗಳಿಗೆ 180.

ಇದನ್ನು ನುಂಗಿಕೊಳ್ಳುವಷ್ಟರಲ್ಲಿ ಜೂನ್ ಬಂತು. ಬಚ್ಚಲಿಗೆ ತಾಗಿದ ಮಲಗುವ ಕೋಣೆಯ ಗೋಡೆಯಲ್ಲಿ ಕಪಾಟಿನ ಹಿಂದೆ ಪೈಂಟು ಗುಳ್ಳೆ ಎದ್ದಿತು. ಮಳೆಯದ್ದೇ ಇರಬೇಕೆಂದು ಎಲ್ಲರೂ ಹೇಳಿದರು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಹೆಚ್ಚು ಮಳೆ ಸುರಿಯುವ ಊರಲ್ಲಿ ಹಾಗೆ ಹೇಳುವುದು ಸುಲಭ. ಆದರೆ ಗೋಡೆ ಮುಟ್ಟಿದರೆ ಬೆಚ್ಚಗಿತ್ತು. ಪಂಪಿನ ಸ್ವಿಚ್‌ಬೋರ್ಡಿನ ಪಕ್ಕ ಪೆನ್ಸಿಲ್ಲಿನಲ್ಲಿ ಯಾರೋ ಬರೆದಿಟ್ಟಿದ್ದ ಪ್ಲಂಬರನ ನಂಬರಿಗೆ ಅಕ್ಕ ಫೋನ್ ಮಾಡಿದಳು. ಅವನು ಬಂದು ಒಂದು ಟೈಲ್ಸು ಎಬ್ಬಿಸಿ ಒಳಗೆ ಟಾರ್ಚ್ ಬಿಟ್ಟವನೇ, "ಅರೆ, ಇದು ನಾನೇ ಹಾಕಿದ ಕಪ್ಲಿಂಗ್ ಮಾರಾಯ್ರೆ. ಎರಡು ವರ್ಷ ಆಯ್ತು. ಆಗ್ಲೇ ಆ ಜನಕ್ಕೆ ಹೇಳಿದ್ದೆ, ಪೂರಾ ಲೈನ್ ಬದಲಿಸ್ಬೇಕು ಅಂತ" ಎಂದ. ಬಿಸಿನೀರಿಗೆ ಹಾಕುವ ಸಿಪಿವಿಸಿ ಪೈಪು ತಿಳಿ ಕೆನೆ ಬಣ್ಣದ್ದು, ಸುಮಾರು 90 ಡಿಗ್ರಿಯವರೆಗೂ ತಾಳುತ್ತದೆ. ಅಲ್ಲಿದ್ದದ್ದು ತಣ್ಣೀರಿಗೆ ಹಾಕುವ ಬಿಳಿ ಯುಪಿವಿಸಿ. ಕುದಿಯಲು ಹೊರಟ ನೀರು ಅದರಲ್ಲಿ ಓಡಾಡಿದರೆ ಪೈಪು ಮೆತ್ತಗಾಗಿ ಜಾಯಿಂಟು ಬಿಡುತ್ತದೆ.

ಆ ಪ್ಲಂಬರ್ ಹಾಗೆ ಬಾಯಿಬಿಟ್ಟು ಹೇಳದೆ ಇದ್ದಿದ್ದರೆ ಇದು ಬರೀ ರಿಪೇರಿಯ ಕಥೆಯಾಗಿ ಮುಗಿಯುತ್ತಿತ್ತು. ಅವನ ಒಂದು ಮಾತಿನಿಂದ ಕಾನೂನಿನ ಕಥೆಯಾಯಿತು.

ವಕೀಲರ ಬಳಿ ಹೋದಾಗ ಭಾವ ಅರ್ಧ ತಾಸು ಮಾತಾಡಿದರು. ವಕೀಲರು ಕೇಳಿದ್ದು ಎರಡೇ ಪ್ರಶ್ನೆ. "ಅವರಿಗೆ ಗೊತ್ತಿತ್ತಾ? ನಿಮಗೆ ಕಾಣ್ಲಿಕ್ಕೆ ಸಾಧ್ಯ ಇತ್ತಾ?" ಹಳೆ ಮನೆಯ ದೋಷದ ಕಾನೂನು ಪೂರ್ತಿ ಈ ಎರಡು ಪ್ರಶ್ನೆಗಳ ಮೇಲೆ ನಿಂತಿದೆ. ಎಷ್ಟು ಕೆಟ್ಟಿದೆ, ರಿಪೇರಿಗೆ ಎಷ್ಟಾಯಿತು ಎಂಬುದೆಲ್ಲ ಆಮೇಲಿನ ಮಾತು.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಕಲಮಿನ ಮೊದಲ ಸಾಲುಗಳಲ್ಲೇ ಇದು ಇದೆ. ಸ್ವತ್ತಿನಲ್ಲಿ ಮಹತ್ವದ ದೋಷವೊಂದು ಇದ್ದು, ಅದು ಮಾರುವವನಿಗೆ ಗೊತ್ತಿದ್ದು, ಕೊಳ್ಳುವವನಿಗೆ ಗೊತ್ತಿಲ್ಲದೆ, ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಅವನಿಗೆ ತಿಳಿಯುವಂತಿಲ್ಲದಿದ್ದರೆ, ಮಾರುವವನು ಅದನ್ನು ಹೇಳಲೇಬೇಕು. ಅದೇ ಕಲಮಿನ ಕೊನೆಗೆ ಇನ್ನೂ ಖಾರವಾದ ಸಾಲಿದೆ: ಹೀಗೆ ಹೇಳದೆ ಬಿಟ್ಟರೆ ಅದು ವಂಚನೆ. ಮೇಲೆ ಹೇಳಿದ ಷರತ್ತುಗಳಲ್ಲಿ ಒಂದು ಕಳಚಿದರೂ ಕೇಸು ಕುಂಟುತ್ತದೆ. ಮಾರಿದವನಿಗೇ ಗೊತ್ತಿರಲಿಲ್ಲವೇ? ಹೇಳುವ ಹೊಣೆ ಇಲ್ಲ. ಕಣ್ಣಿಗೆ ರಾಚುವ ಬಿರುಕೇ? ನೋಡಬೇಕಾಗಿದ್ದದ್ದು ನೀವು.

ಹನ್ನೆರಡು ವರ್ಷದ ಹಿಂದೆ ಕಂಟ್ರಾಕ್ಟರ್ ತಪ್ಪು ಪೈಪು ಹಾಕಿದ್ದು ಗಲ್ಫಿನಲ್ಲಿದ್ದ ಯಜಮಾನರಿಗೆ ಖಂಡಿತ ಗೊತ್ತಿರಲಿಕ್ಕಿಲ್ಲ. ಆದರೆ ಎರಡು ವರ್ಷದ ಹಿಂದೆ ಗೋಡೆ ಒಡೆಸಿ ಪ್ಯಾಚು ಹಾಕಿಸಿದ್ದು, ಪ್ಲಂಬರ್ ಎಚ್ಚರಿಸಿದ್ದು, ಆ ಮೇಲೆ ಅದರ ಮೇಲೆ ಹೊಸ ಟೈಲ್ಸು ಕೂರಿಸಿದ್ದು ತಮ್ಮನಿಗೆ ಗೊತ್ತಿತ್ತು. ತಮ್ಮ ಅಣ್ಣನ ಪರವಾಗಿ ಮನೆ ನೋಡಿಕೊಳ್ಳುತ್ತಿದ್ದವನು. ಕರಾರು ಕಾಯ್ದೆಯ 229ನೇ ಕಲಂ ಪ್ರಕಾರ, ಯಜಮಾನನ ಕೆಲಸದ ನಡುವೆ ಏಜೆಂಟನಿಗೆ ತಿಳಿದದ್ದು ಯಜಮಾನನಿಗೆ ತಿಳಿದಂತೆಯೇ. ಗಲ್ಫಿನ, ಮುಂಬೈಯ ಜನರ ಮನೆಗಳು ಜಿಪಿಎ ಮೇಲೆ ಕೈಬದಲಾಗುವ ನಮ್ಮ ಊರಲ್ಲಿ ಈ ಕಲಂ ನೆನಪಿಟ್ಟುಕೊಳ್ಳಬೇಕಾದ್ದು. "ನಾನು ಊರಲ್ಲೇ ಇರಲಿಲ್ಲ" ಎಂಬ ಮಾತು ಅಷ್ಟು ದೂರ ಹೋಗುವುದಿಲ್ಲ.

ಇಲ್ಲಿ ಒಂದು ಕುದುರೆಯ ಕಥೆ ಹೇಳಬೇಕು. 1872ರ ಕರಾರು ಕಾಯ್ದೆಯ 17ನೇ ಕಲಂ ವಂಚನೆ ಎಂದರೇನು ಎಂದು ಹೇಳಿ, ಕೆಳಗೆ ಉದಾಹರಣೆ ಕೊಡುತ್ತದೆ. ಒಬ್ಬ ತನ್ನ ರೋಗದ ಕುದುರೆಯನ್ನು ಹರಾಜಿಗಿಡುತ್ತಾನೆ, ಏನೂ ಹೇಳುವುದಿಲ್ಲ. ಅದು ವಂಚನೆಯಲ್ಲ, ಬರೀ ಮೌನ ವಂಚನೆಯಾಗದು. ಆದರೆ ಕೊಳ್ಳುವವನು, "ನೀನು ಅಲ್ಲ ಅನ್ನದಿದ್ದರೆ ಕುದುರೆ ಸರಿಯಿದೆ ಅಂತಲೇ ತಿಳ್ಕೊಳ್ತೇನೆ" ಎಂದು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನವೇ ಮಾತು. ಕುದುರೆಗೂ ಮನೆಗೂ ಇರುವ ವ್ಯತ್ಯಾಸ ಇದು: ಮನೆ ಮಾರುವವನ ಮೇಲೆ 55ನೇ ಕಲಂ ಮೊದಲೇ ಬಾಯಿ ತೆರೆಯುವ ಹೊಣೆ ಹೊರಿಸಿದೆ. ಕಾಣದ ದೋಷದ ಬಗ್ಗೆ ಅವನು ಸುಮ್ಮನಿರುವಂತಿಲ್ಲ. ಆದರೂ ಆ ಕುದುರೆ ಕೊಂಡವನ ಉಪಾಯ ನಮಗೂ ಬರುತ್ತದೆ, ಕೊನೆಗೆ ಅದಕ್ಕೆ ಮರಳುತ್ತೇನೆ.

ಈಗ ಸೋಲಾರಿನ ವಿಷಯ. ಮನೆಯ ಜೊತೆ ಕಾಯಂ ಬಳಕೆಗೆ ಇಟ್ಟ ವಸ್ತುಗಳೆಲ್ಲ ಮನೆಯ ಜೊತೆಗೇ ಹೋಗುತ್ತವೆ ಎಂದು ಅದೇ 1882ರ ಕಾಯ್ದೆಯ 8ನೇ ಕಲಂ ಹೇಳುತ್ತದೆ. ಬೀಗ, ಬಾಗಿಲು, ಕಿಟಕಿಯ ಸಾಲಿನಲ್ಲೇ ಸೋಲಾರೂ ನಿಲ್ಲುತ್ತದೆ. ಹಾಗಾಗಿ ಅದು ಕೊಂಡದ್ದರ ಭಾಗವೇ. ಆದರೆ ಕೊಳವೆಗಳು ಬಿಳಿಯಾದದ್ದು ಟೆರೇಸಿಗೆ ಹತ್ತಿದ ಯಾರಿಗೂ ಕಾಣುವಂಥದ್ದು. ನಾವು ಮೂವರೂ ಹತ್ತಲಿಲ್ಲ, ಬಿಸಿಲು ಜೋರಿತ್ತು. ಸಾಮಾನ್ಯ ಎಚ್ಚರಿಕೆಯ ಪರೀಕ್ಷೆಯಲ್ಲಿ ನಾವು ಫೇಲು. ಬೆಲೆಬಾಳುವ ಮನೆಗೆ ಹೋಲಿಸಿದರೆ ಒಂದು ಸೋಲಾರ್ ಮಹತ್ವದ ದೋಷವೇ ಎಂದೂ ಎದುರು ವಕೀಲರು ಕೇಳಬಹುದು. ಅದನ್ನು ಕೇಳಲು ಕಾರಣವೂ ಇದೆ: ಗೊತ್ತಿದ್ದಿದ್ದರೆ ಇವರು ಈ ಮನೆ ಕೊಳ್ಳುತ್ತಿರಲಿಲ್ಲ, ಅಥವಾ ಈ ಬೆಲೆಗೆ ಕೊಳ್ಳುತ್ತಿರಲಿಲ್ಲ ಎನ್ನುವಷ್ಟು ತೂಕ ದೋಷಕ್ಕೆ ಇರಬೇಕಾಗುತ್ತದೆ.

ಆದರೆ ಇಲ್ಲಿ ಬರೀ ಮೌನ ಇರಲಿಲ್ಲ. "ಸೋಲಾರಿಂದು" ಎಂದು ಹೇಳಿ, ಕಾಯಿಲಿನಲ್ಲಿ ಕಾಯಿಸಿದ ನೀರು ತೋರಿಸಿದ್ದರು. ಸುಳ್ಳೆಂದು ಗೊತ್ತಿದ್ದೂ ನಿಜವೆಂಬಂತೆ ಹೇಳಿದರೆ ಅದು ನೇರ ವಂಚನೆ. ಕರಾರು ಕಾಯ್ದೆಯ 19ನೇ ಕಲಮಿನಲ್ಲಿ ಸೂಕ್ಷ್ಮವೊಂದಿದೆ. ಗೊತ್ತಿಲ್ಲದೆ ಆಡಿದ ತಪ್ಪು ಮಾತು ಅಥವಾ ವಂಚನೆಯ ಮೌನದ ಪ್ರಕರಣದಲ್ಲಿ, "ನೀವೇ ಸ್ವಲ್ಪ ಶ್ರದ್ಧೆಯಿಂದ ನೋಡಿದ್ದರೆ ತಿಳಿಯುತ್ತಿತ್ತಲ್ಲ" ಎಂಬ ಉತ್ತರಕ್ಕೆ ಬೆಲೆಯಿದೆ. ಬಾಯಿಬಿಟ್ಟು ಸುಳ್ಳು ಹೇಳಿದವನಿಗೆ ಆ ಉತ್ತರದ ಆಸರೆ ಇಲ್ಲ. ತೊಡಕು ಒಂದೇ: ಆ ಮಾತು ಆಡಿದ್ದಕ್ಕೆ ಸಾಕ್ಷಿ ನಾವು ಮೂವರು, ಅದೂ ಒಂದೇ ಮನೆಯವರು. ವಕೀಲರು ಸೋಲಾರನ್ನು ನೋಟಿಸಿನ ಎರಡನೇ ಸಾಲಿಗೆ ತಳ್ಳಿ, ಪೈಪನ್ನು ಮುಂದಿಟ್ಟದ್ದು ಇದಕ್ಕೇ.

ಯಾರು ಮಾರಿದರು ಎಂಬುದರ ಮೇಲೆ ಬಾಗಿಲು

ಅಕ್ಕನದು ವ್ಯಕ್ತಿಯಿಂದ ವ್ಯಕ್ತಿಗೆ ಆದ ಮಾರಾಟ. ಬಿಲ್ಡರಿನಿಂದ ಫ್ಲ್ಯಾಟ್ ಕೊಂಡವರಿಗೆ ದಾರಿ ಬೇರೆ, ತುಂಬ ಸಲೀಸೂ ಹೌದು. ಬಿಲ್ಡರಿಗೆ ಗೊತ್ತಿತ್ತೇ ಎಂದು ಅಲ್ಲಿ ಯಾರೂ ಕೇಳುವುದಿಲ್ಲ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ 14ನೇ ಕಲಂ ಹೇಳುವುದು ಇಷ್ಟು: ಕಟ್ಟಡದ ರಚನೆಯಲ್ಲಿ, ಕೆಲಸದಲ್ಲಿ, ಗುಣಮಟ್ಟದಲ್ಲಿ ಅಥವಾ ಒದಗಿಸಿದ ಸೌಲಭ್ಯದಲ್ಲಿ ದೋಷ ಕಂಡು, ಸ್ವಾಧೀನ ಕೊಟ್ಟ ದಿನದಿಂದ 5 ವರ್ಷದೊಳಗೆ ನೀವು ಗಮನಕ್ಕೆ ತಂದರೆ, ಬಿಲ್ಡರ್ 30 ದಿನದಲ್ಲಿ ತನ್ನ ಖರ್ಚಿನಲ್ಲಿ ಸರಿಪಡಿಸಬೇಕು. ಮಾಡದಿದ್ದರೆ ಪರಿಹಾರ ಕೊಡಬೇಕು. ಗೋಡೆಯೊಳಗಿನ ಬಿಸಿನೀರಿನ ಲೈನು, ಬಚ್ಚಲಿನಿಂದ ಕೆಳಮನೆಗೆ ಇಳಿಯುವ ಸೋರಿಕೆ, ಟೆರೇಸಿನ ವಾಟರ್‌ಪ್ರೂಫಿಂಗ್ ಎಲ್ಲ ಇದರೊಳಗೆ ಬರುವ ಜಾತಿಯವು. ಫೋನಿನಲ್ಲಿ ಹೇಳಿದ್ದು, ಸೈಟ್ ಎಂಜಿನಿಯರ್ ಬಂದು ನೋಡಿ ಹೋದದ್ದು ಸಾಲದು. ಇಮೇಲು, ಸ್ಪೀಡ್ ಪೋಸ್ಟು ಎರಡೂ ಕಳಿಸಿ, ರಸೀದಿ ಇಟ್ಟುಕೊಳ್ಳಿ.

ಹೆಚ್ಚಿನವರಿಗೆ ಗೊತ್ತಿಲ್ಲದ್ದು: ಮೂರು ವರ್ಷ ಹಳೆಯ ಫ್ಲ್ಯಾಟನ್ನು ಮೊದಲ ಮಾಲೀಕರಿಂದ ಕೊಂಡ ನಿಮಗೂ ಈ ಹಕ್ಕು ಇದೆ. ರೇರಾದ ವ್ಯಾಖ್ಯೆಯಲ್ಲಿ ಆಮೇಲೆ ಕೊಂಡವರೂ ಹಂಚಿಕೆದಾರರೇ. ಆದರೆ ಐದು ವರ್ಷದ ಎಣಿಕೆ ಮೊದಲ ಸ್ವಾಧೀನದ ದಿನದಿಂದ ಎಂದು ಹಿಡಿದುಕೊಳ್ಳುವುದು ಕ್ಷೇಮ. ಹಾಗೆ ಕೊಳ್ಳುವಾಗ ಮೊದಲ ಮಾಲೀಕರ ಸ್ವಾಧೀನ ಪತ್ರದ ಪ್ರತಿ ಕೇಳಿ ಪಡೆಯಿರಿ.

500 ಚದರ ಮೀಟರಿಗಿಂತ ದೊಡ್ಡದಲ್ಲದ ಜಾಗದಲ್ಲಿ ಕಟ್ಟಿದ, ಅಥವಾ ಎಂಟಕ್ಕಿಂತ ಹೆಚ್ಚು ಫ್ಲ್ಯಾಟ್ ಇಲ್ಲದ ಯೋಜನೆಗೆ ರೇರಾ ನೋಂದಣಿ ಬೇಕಾಗಿಲ್ಲ. ಮಂಗಳೂರು, ಉಡುಪಿ, ಮಣಿಪಾಲದ ಒಳರಸ್ತೆಗಳಲ್ಲಿ ಇಂಥ ಸಣ್ಣ ಕಟ್ಟಡಗಳು ಕಾಣಸಿಗುತ್ತವೆ. ಅಂಥವರಿಗೆ ಗ್ರಾಹಕ ಆಯೋಗವೇ ಹತ್ತಿರದ ದಾರಿ. ಮನೆ ಕಟ್ಟಿಕೊಡುವುದೂ ಸೇವೆಯೇ ಎಂದು ಸುಪ್ರೀಂ ಕೋರ್ಟ್ 1993ರಲ್ಲೇ ಹೇಳಿದೆ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ಮನೆ ನಿರ್ಮಾಣ ಎಂಬ ಪದವೇ ಇದೆ. ರೇರಾ ಇದ್ದರೂ ಗ್ರಾಹಕ ಆಯೋಗಕ್ಕೆ ಹೋಗಬಹುದು ಎಂದು 2020ರಲ್ಲಿ ಅದೇ ನ್ಯಾಯಾಲಯ ಸ್ಪಷ್ಟಪಡಿಸಿತು.

ಗ್ರಾಹಕ ಆಯೋಗದಲ್ಲಿ ಜನ ಎಡವುವುದು ಮೊತ್ತದ ಲೆಕ್ಕದಲ್ಲಿ. ಯಾವ ಆಯೋಗ ಎಂದು ತೀರ್ಮಾನಿಸುವುದು ನಿಮಗಾದ ನಷ್ಟದ ಮೇಲಲ್ಲ, ನೀವು ಕೊಟ್ಟ ಬೆಲೆಯ ಮೇಲೆ. 50 ಲಕ್ಷದವರೆಗೆ ಜಿಲ್ಲಾ ಆಯೋಗ, ಅಲ್ಲಿಂದ 2 ಕೋಟಿವರೆಗೆ ರಾಜ್ಯ ಆಯೋಗ. ಹಾಗಾಗಿ 65 ಲಕ್ಷದ ಫ್ಲ್ಯಾಟಿನಲ್ಲಿ ಒಂದೂವರೆ ಲಕ್ಷದ ಸೋರಿಕೆಯಾದರೂ ದೂರು ಹೋಗುವುದು ಬೆಂಗಳೂರಿಗೆ. ನನಗೆ ಇದು ನ್ಯಾಯವೆನಿಸುವುದಿಲ್ಲ, ಆದರೆ ನಿಯಮ ಹಾಗಿದೆ. ಶುಲ್ಕ ಮಾತ್ರ ಕಡಿಮೆ: 20ರಿಂದ 50 ಲಕ್ಷಕ್ಕೆ 1,000 ರೂಪಾಯಿ, 50 ಲಕ್ಷದಿಂದ 1 ಕೋಟಿಗೆ 2,000. ದೂರನ್ನು ಇ-ಜಾಗೃತಿ ಎಂಬ ಸರ್ಕಾರಿ ಜಾಲತಾಣದಲ್ಲಿ ಆನ್‌ಲೈನ್ ಆಗಿಯೇ ಸಲ್ಲಿಸಬಹುದು. ಕಾಲಮಿತಿ 2 ವರ್ಷ.

ಹಾಗಾದರೆ ಅಕ್ಕ ಯಾಕೆ ಗ್ರಾಹಕ ಆಯೋಗಕ್ಕೆ ಹೋಗಬಾರದು? ಭಾವ ಕೇಳಿದ್ದೂ ಇದನ್ನೇ. ಒಬ್ಬ ಸಾಮಾನ್ಯ ಮನುಷ್ಯ ತನ್ನ ಮನೆಯನ್ನು ಇನ್ನೊಬ್ಬರಿಗೆ ಮಾರಿದರೆ ಅಲ್ಲಿ ಸೇವೆ ಇಲ್ಲ. ಬರೀ ಸ್ಥಿರಾಸ್ತಿಯ ಮಾರಾಟ ಆಯೋಗದ ವ್ಯಾಪ್ತಿಗೆ ಬರುವುದಿಲ್ಲ. ಅಲ್ಲಿ ಹಾಕಿದರೆ ಒಂದೆರಡು ವರ್ಷ ಕಳೆದ ಮೇಲೆ "ನಮ್ಮಲ್ಲಿಗಲ್ಲ" ಎಂಬ ಆದೇಶ ಸಿಗುವ ಸಾಧ್ಯತೆಯೇ ಹೆಚ್ಚು. ಇವರಿಗೆ ಉಳಿದದ್ದು ಸಿವಿಲ್ ಕೋರ್ಟ್. ಮಾರಿದವರು ದುಬೈಯಲ್ಲಿರಲಿ, ದಮಾಮಿನಲ್ಲಿರಲಿ, ಮನೆ ಇರುವುದೂ ಕ್ರಯಪತ್ರವಾದದ್ದೂ ಇಲ್ಲಿಯೇ ಆದ್ದರಿಂದ ದಾವೆಯೂ ಇಲ್ಲಿಯೇ.

ಏನು ಕೇಳಬೇಕು

ಮೊದಲ ಸಿಟ್ಟಿನಲ್ಲಿ ಭಾವನಿಗೆ ಬೇಕಾಗಿದ್ದದ್ದು ಮನೆ ಹಿಂತಿರುಗಿಸಿ ಹಣ ವಾಪಸು ಪಡೆಯುವುದು. ವಂಚನೆಯಿಂದ ಪಡೆದ ಒಪ್ಪಿಗೆಯ ಕರಾರನ್ನು ರದ್ದು ಮಾಡಿಸಬಹುದು, ನಿಜ. 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯಲ್ಲಿ ಕರಾರು ರದ್ದತಿಗೂ ಪತ್ರ ರದ್ದತಿಗೂ ದಾರಿ ಇದೆ. ಆದರೆ ರದ್ದಾದರೆ ಎರಡೂ ಕಡೆಯವರು ಪಡೆದದ್ದನ್ನು ಹಿಂದಿರುಗಿಸಬೇಕು. ಬ್ಯಾಂಕಿನ ಸಾಲ ನಡುವೆ ನಿಂತಿದೆ, ಮುದ್ರಾಂಕ ಶುಲ್ಕ ಕಟ್ಟಿಯಾಗಿದೆ, ಅಕ್ಕ ಅಡುಗೆಮನೆಗೆ ಕಪಾಟು ಮಾಡಿಸಿಯಾಗಿದೆ. ಒಂದು ಪೈಪಿಗಾಗಿ ನೋಂದಾಯಿತ ಕ್ರಯಪತ್ರ ರದ್ದು ಮಾಡಲು ಯಾವ ನ್ಯಾಯಾಧೀಶರೂ ಸುಲಭಕ್ಕೆ ಒಪ್ಪರು. ಅಡಿಪಾಯ ಕುಸಿಯುತ್ತಿದೆ, ಮನೆ ವಾಸಕ್ಕೇ ಯೋಗ್ಯವಿಲ್ಲ ಎನ್ನುವಂಥ ಸಂದರ್ಭಕ್ಕೆ ಈ ಅಸ್ತ್ರ ಇಟ್ಟುಕೊಳ್ಳುವುದು ಲೇಸು.

ಕ್ರಯಪತ್ರ ಆಗುವ ಮೊದಲೇ, ಬರೀ ಕರಾರು ಮತ್ತು ಅಡ್ವಾನ್ಸ್ ಹಂತದಲ್ಲಿ ದೋಷ ತಿಳಿದರೆ ಮಾತ್ರ ಲೆಕ್ಕ ಬೇರೆ. ಆಗ ನೀವು ಸಕಾರಣವಾಗಿ ಬೇಡವೆನ್ನಬಹುದು, ಕೊಟ್ಟ ಅಡ್ವಾನ್ಸನ್ನು ಆ ಸ್ವತ್ತಿನಿಂದಲೇ ವಸೂಲು ಮಾಡಿಕೊಳ್ಳುವ ಹಕ್ಕು ನಿಮಗೆ ಇರುತ್ತದೆ. ಕೊಳ್ಳುವವರ ಕೈ ಅತ್ಯಂತ ಗಟ್ಟಿಯಾಗಿರುವುದು ಆ ಕೆಲವು ವಾರಗಳಲ್ಲಿ.

ಅಕ್ಕನಂಥವರಿಗೆ ಸರಿಹೊಂದುವುದು ಮನೆ ಇಟ್ಟುಕೊಂಡು ನಷ್ಟ ಕೇಳುವುದು. ಹೇಳಿದ ಮಾತು ನಿಜವಾಗಿದ್ದಿದ್ದರೆ ತಾನು ಯಾವ ಸ್ಥಿತಿಯಲ್ಲಿರುತ್ತಿದ್ದೆನೋ ಆ ಸ್ಥಿತಿಗೆ ತಂದು ನಿಲ್ಲಿಸಿ ಎಂದು ಕೇಳುವ ಹಕ್ಕನ್ನು 19ನೇ ಕಲಂ ಕೊಡುತ್ತದೆ. ಲೈನು ಬದಲಿಸುವ, ಟೈಲ್ಸು ಕೂರಿಸುವ, ಗೋಡೆ ಒಣಗಿಸಿ ಬಳಿಯುವ ಖರ್ಚು, ಹಾಳಾದ ಕಪಾಟು, ಕೆಲಸ ನಡೆಯುವಾಗ ಬೇರೆಡೆ ಇದ್ದ ಬಾಡಿಗೆ. ಮನಸ್ಸಿಗೆ ನೋವಾಯಿತು ಎಂದು ಹತ್ತು ಲಕ್ಷ ಸೇರಿಸಿದರೆ ಕೋರ್ಟ್ ಶುಲ್ಕ ಏರುತ್ತದೆ, ಅಷ್ಟೇ. ಸಿವಿಲ್ ದಾವೆಯಲ್ಲಿ ಶುಲ್ಕ ನೀವು ಕೇಳುವ ಮೊತ್ತದ ಮೇಲೆ. ಇನ್ನೊಂದು ಮಾತು: ನಷ್ಟ ಬೆಳೆಯಲು ಬಿಟ್ಟು ಕೂರುವಂತಿಲ್ಲ. ಮೂರು ಮಳೆಗಾಲ ಗೋಡೆ ನೆನೆಯಲು ಬಿಟ್ಟು ಮೂರೂ ವರ್ಷದ ಹಾನಿ ಕೇಳಿದರೆ, ತಡೆಯಲು ಏನು ಮಾಡಿದಿರಿ ಎಂಬ ಪ್ರಶ್ನೆ ಬರುತ್ತದೆ.

ಕ್ರಯಪತ್ರದಲ್ಲಿ "ಈಗ ಇರುವ ಸ್ಥಿತಿಯಲ್ಲಿ ನೋಡಿ ಒಪ್ಪಿ ಕೊಂಡಿರುತ್ತೇವೆ" ಎಂಬ ಸಾಲು ಬರೆದುಕೊಡುವ ವಾಡಿಕೆ ಇದೆ. ಅಕ್ಕನ ಪತ್ರದಲ್ಲೂ ಇತ್ತು. ಬೇರೆ ಕರಾರು ಇಲ್ಲದಿದ್ದಾಗ ಮಾತ್ರ ಎಂದೇ 55ನೇ ಕಲಂ ಶುರುವಾಗುವುದರಿಂದ ಎದುರಾಳಿ ಈ ಸಾಲನ್ನು ಖಂಡಿತ ಎತ್ತಿ ತೋರಿಸುತ್ತಾರೆ. ಕಂಡ ದೋಷಕ್ಕೆ ಅದು ಗುರಾಣಿ. ಟೈಲ್ಸಿನ ಹಿಂದೆ ಬಚ್ಚಿಟ್ಟದ್ದಕ್ಕೆ ಅದು ಅಡ್ಡ ಬರುವುದು ಕಷ್ಟ, ಕಾಣದ್ದನ್ನು ನೋಡಿ ಒಪ್ಪಿದೆ ಎಂದು ಹೇಗೆ ಹೇಳುತ್ತೀರಿ?

ಒಡೆಯುವ ಮೊದಲು

ಕೇಸು ಗೆಲ್ಲುವುದು ಸೋಲುವುದು ಹೆಚ್ಚಾಗಿ ದೋಷ ಸಿಕ್ಕ ಮೊದಲ ವಾರದಲ್ಲೇ ತೀರ್ಮಾನವಾಗಿರುತ್ತದೆ. ನೀರು ಸೋರುವಾಗ ಯಾರಿಗಾದರೂ ಬೇಕಾಗುವುದು ರಿಪೇರಿ. ಅಂದೇ ಗೋಡೆ ಒಡೆದು ಹೊಸ ಪೈಪು ಹಾಕಿ ಮುಚ್ಚಿಬಿಟ್ಟರೆ ಸಾಕ್ಷಿ ಕಸದ ಗಾಡಿಯಲ್ಲಿ ಹೋಗುತ್ತದೆ. ಅಕ್ಕ ಜಾಣೆ. ಆ ಲೈನಿನ ವಾಲ್ವ್ ಬಂದ್ ಮಾಡಿಸಿ, ಎರಡು ವಾರ ಅಡುಗೆಮನೆಯಿಂದ ಬಕೆಟ್ಟಿನಲ್ಲಿ ಬಿಸಿನೀರು ಹೊತ್ತಳು. ಆ ಎರಡು ವಾರದಲ್ಲಿ ಆದ ಕೆಲಸ ಹೀಗಿದೆ. ಒಬ್ಬ ಸಿವಿಲ್ ಎಂಜಿನಿಯರ್ ಬಂದು ತೇವ ಅಳೆದು, ಲೈನಿಗೆ ಒತ್ತಡ ಕೊಟ್ಟು ಪರೀಕ್ಷಿಸಿ, ಹಳೆಯ ಪ್ಯಾಚು ಯಾವುದು ಹೊಸ ಸೋರಿಕೆ ಯಾವುದು ಎಂದು ಫೋಟೋ ಸಮೇತ ಬರೆದುಕೊಟ್ಟರು. ಪ್ಲಂಬರ್ ತನ್ನ ಹಳೆಯ ಡೈರಿಯ ಪುಟ, ಆಗ ತಮ್ಮನಿಂದ ಫೋನ್‌ಪೇಯಲ್ಲಿ ಹಣ ಬಂದ ದಾಖಲೆ ತೋರಿಸಿದ. ಮನೆಯ ಆರ್‌ಆರ್ ನಂಬರಿನ (ಮೆಸ್ಕಾಂ ಸಂಪರ್ಕ ಸಂಖ್ಯೆ) ಹಳೆಯ ಬಿಲ್ಲುಗಳಲ್ಲಿ ಹಿಂದಿನ ವರ್ಷದ ಮಾರ್ಚ್, ಏಪ್ರಿಲ್‌ನಲ್ಲೂ, ಅಂದರೆ ಬಿಸಿಲು ಸುಡುವ ತಿಂಗಳುಗಳಲ್ಲೂ, ಯೂನಿಟ್ ಏರಿಯೇ ಇತ್ತು. ಸೋಲಾರ್ ಸತ್ತು ವರ್ಷವಾಗಿತ್ತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ಸಾಕ್ಷಿ ಬೇಕೆ?

ನೋಟಿಸಿನಲ್ಲಿ ವಕೀಲರು ಸೇರಿಸಿದ ಒಂದು ಪ್ಯಾರಾ ನನಗೆ ತುಂಬ ಹಿಡಿಸಿತು: ಇಂತಿಷ್ಟು ದಿನದೊಳಗೆ ನೀವು ಅಥವಾ ನಿಮ್ಮ ಕಡೆಯವರು ಬಂದು ದೋಷ ನೋಡಿಕೊಂಡು ಹೋಗಬಹುದು, ಆಮೇಲೆ ನಾವು ರಿಪೇರಿ ಮಾಡಿಸುತ್ತೇವೆ, ಖರ್ಚು ನಿಮ್ಮದು. ಬಂದರೆ ಅವರೇ ಕಣ್ಣಾರೆ ಕಂಡಂತಾಯಿತು. ಬಾರದಿದ್ದರೆ "ನಮಗೆ ತೋರಿಸಲೇ ಇಲ್ಲ" ಎನ್ನುವಂತಿಲ್ಲ. ದಾವೆ ಹೂಡಿದ ಮೇಲಾದರೆ ಸ್ಥಳ ಪರಿಶೀಲನೆಗೆ ಕಮಿಷನರ್ ನೇಮಿಸಿ ಎಂದು ನ್ಯಾಯಾಲಯವನ್ನೇ ಕೇಳಬಹುದು, ಆದರೆ ಅಷ್ಟು ದಿನ ಗೋಡೆ ಒಡೆದಿಟ್ಟು ಮಳೆಗಾಲ ಕಳೆಯುವುದು ಯಾರಿಂದಾದೀತು?

ವಾಟ್ಸ್ಆ್ಯಪ್ ಮಾತುಕತೆ ಅಳಿಸಬೇಡಿ, ಫೋನ್ ಬದಲಿಸುವಾಗ ಹಳೆಯದನ್ನು ಎಕ್ಸ್‌ಚೇಂಜಿಗೆ ಕೊಡಬೇಡಿ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಡಿ, ಡಿಜಿಟಲ್ ದಾಖಲೆಯ ಪ್ರತಿಯನ್ನು ಹಾಜರುಪಡಿಸಲು ಪ್ರಮಾಣಪತ್ರ ಬೇಕು. ಬರೀ ಸ್ಕ್ರೀನ್‌ಶಾಟಿನ ಪ್ರಿಂಟು ಸಾಲದು. "ಮೋಸ ಮಾಡಿದ್ದಾರೆ" ಎಂದು ದಾವೆಯಲ್ಲಿ ಬರೆದರೂ ಸಾಲದು. ಯಾರು, ಯಾವ ದಿನ, ಏನು ಹೇಳಿ, ಏನು ಮುಚ್ಚಿಟ್ಟರು ಎಂಬ ವಿವರ ಕೊಡಲೇಬೇಕೆಂದು ಸಿವಿಲ್ ಪ್ರಕ್ರಿಯಾ ಸಂಹಿತೆ ಹೇಳುತ್ತದೆ.

ಕಾಲಮಿತಿ ಸಿವಿಲ್ ದಾವೆಗೆ 3 ವರ್ಷ. ವಂಚನೆ ಇದ್ದಲ್ಲಿ ಎಣಿಕೆ ಶುರುವಾಗುವುದು ಕ್ರಯಪತ್ರದ ದಿನದಿಂದಲ್ಲ, ಅದು ತಿಳಿದ ದಿನದಿಂದ, ಅಥವಾ ಶ್ರದ್ಧೆಯಿಂದ ನೋಡಿದ್ದರೆ ತಿಳಿಯಬಹುದಾಗಿದ್ದ ದಿನದಿಂದ.

ಪೊಲೀಸ್ ಠಾಣೆಗೆ ಹೋಗಿ ಎಂದು ಹೇಳುವವರು ಎಲ್ಲ ಮನೆಯಲ್ಲೂ ಒಬ್ಬರಿರುತ್ತಾರೆ. ನಮ್ಮಲ್ಲಿ ದೊಡ್ಡಪ್ಪ. ವಂಚನೆ ಅಪರಾಧವೂ ಹೌದು, ಈಗ ಅದು ಭಾರತೀಯ ನ್ಯಾಯ ಸಂಹಿತೆಯ 318ನೇ ಕಲಂ. ಆದರೆ ಪೈಪಿನ ಜಗಳಕ್ಕೆ ಠಾಣೆಯಲ್ಲಿ ಸಿಗುವ ಉತ್ತರ ಸಾಮಾನ್ಯವಾಗಿ "ಸಿವಿಲ್ ಮ್ಯಾಟರ್, ಕೋರ್ಟಿಗೆ ಹೋಗಿ". ಸಿವಿಲ್ ವ್ಯಾಜ್ಯಕ್ಕೆ ಕ್ರಿಮಿನಲ್ ಬಣ್ಣ ಬಳಿಯಬಾರದೆಂದು ಸುಪ್ರೀಂ ಕೋರ್ಟ್ ಮತ್ತೆ ಮತ್ತೆ ಹೇಳಿದೆ. ದೊಡ್ಡಪ್ಪನಿಗೆ ಚಹಾ ಕೊಟ್ಟು ಸಮಾಧಾನ ಮಾಡಿದ್ದಾಯಿತು.

ಕೊನೆಗೆ ದಾವೆ ಹಾಕುವ ಅಗತ್ಯವೇ ಬೀಳಲಿಲ್ಲ. ನೋಟಿಸಿಗೆ ಮೊದಲು ಬಂದ ಉತ್ತರ ಎಲ್ಲವನ್ನೂ ಅಲ್ಲಗಳೆದಿತ್ತು. ಎಂಜಿನಿಯರ್ ವರದಿ, ಫೋನ್‌ಪೇ ದಾಖಲೆ ಕಳಿಸಿದ ಮೇಲೆ ಧಾಟಿ ಬದಲಾಯಿತು. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಕೊಟ್ಟರೆ ದಾವೆಗೆ ಮೊದಲೇ ಎರಡೂ ಕಡೆಯವರನ್ನು ಕರೆದು ಕೂರಿಸುತ್ತಾರೆ. ಅಲ್ಲಿ ಆದ ರಾಜಿ ಲೋಕ ಅದಾಲತ್ತಿನಲ್ಲಿ ದಾಖಲಾದರೆ ಡಿಕ್ರಿಯ, ಅಂದರೆ ಕೋರ್ಟಿನ ತೀರ್ಪಿನ ಬಲ ಪಡೆಯುತ್ತದೆ, ಮೇಲ್ಮನವಿ ಇಲ್ಲ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ನೋಡದೆ ಉಚಿತ ವಕೀಲರ ನೆರವೂ ಅಲ್ಲಿ ಸಿಗುತ್ತದೆ. ಸಣ್ಣ, ಮಧ್ಯಮ ಗಾತ್ರದ ಜಗಳಗಳಿಗೆ ನನ್ನ ಮಟ್ಟಿಗೆ ಇದೇ ಮೊದಲ ಮೆಟ್ಟಿಲಾಗಬೇಕು. ಯಜಮಾನರು ಸಂಬಂಧಿಕರ ಮದುವೆಗೆಂದು ಊರಿಗೆ ಬಂದಿದ್ದಾಗ ಎದುರೆದುರು ಕೂತು ಮಾತಾಯಿತು. ಪೈಪಿನ, ಗೋಡೆಯ ಪೂರ್ತಿ ಖರ್ಚು ಅವರದು, ಸೋಲಾರಿನದು ಅರ್ಧ. ಟೆರೇಸಿಗೆ ಹತ್ತದೆ ಇದ್ದುದರ ದಂಡ ಆ ಉಳಿದರ್ಧ ಎಂದು ಭಾವ ಈಗಲೂ ಹೇಳುತ್ತಾರೆ.

ಈಚೆಗೆ ನಮ್ಮ ಅತ್ತಿಗೆಯ ತಮ್ಮ ಉಡುಪಿಯ ಇಂದ್ರಾಳಿಯಲ್ಲಿ ಮನೆ ನೋಡಿದಾಗ ಭಾವನೂ ಹೋಗಿದ್ದರು. ಬ್ಯಾಕಪ್ಪಿನ ಸ್ವಿಚ್ ಹುಡುಕಿ ಆರಿಸಿದರು, ಎರಡು ದಿನ ಬಿಟ್ಟು ಬಂದು ನಲ್ಲಿ ತಿರುಗಿಸಿದರು. ಹಿಂದಿನ ಹನ್ನೆರಡು ತಿಂಗಳ ಕರೆಂಟ್ ಬಿಲ್ಲು ಕೇಳಿದರು. ಮತ್ತೆ ಆ ಕುದುರೆಯ ಉಪಾಯ. ಅಡ್ವಾನ್ಸ್ ಕೊಡುವ ಹಿಂದಿನ ದಿನ ಮಾರುವವರಿಗೆ ಅತ್ತಿಗೆಯ ತಮ್ಮನಿಂದ ವಾಟ್ಸ್ಆ್ಯಪ್ ಸಂದೇಶ ಹೋಯಿತು: "ನಮಸ್ಕಾರ. ಗೋಡೆಯೊಳಗಿನ ಪೈಪು, ಸೋಲಾರು, ಟೆರೇಸು, ಬಾವಿಯ ನೀರು ಎಲ್ಲ ಸರಿಯಿದೆ, ಈ ಹಿಂದೆ ಸೋರಿಕೆಗೆ ರಿಪೇರಿ ಆಗಿಲ್ಲ ಎಂದು ತಿಳಿದುಕೊಂಡು ಮುಂದುವರಿಯುತ್ತಿದ್ದೇವೆ. ಹಾಗಿಲ್ಲದಿದ್ದರೆ ದಯವಿಟ್ಟು ತಿಳಿಸಿ." ಅರ್ಧ ತಾಸಿನಲ್ಲಿ ಉತ್ತರ ಬಂತು: ಬಾವಿ ನೀರು ಮೇ ತಿಂಗಳಲ್ಲಿ ಸ್ವಲ್ಪ ಉಪ್ಪಾಗುತ್ತದೆ, ಹೇಳಲು ಮರೆತಿದ್ದೆವು.

ಅಕ್ಕನ ಮನೆಯಲ್ಲಿ ಈಗ ಹೊಸ ಸೋಲಾರ್ ಇದೆ. ಬ್ಯಾಕಪ್ ಕಾಯಿಲಿಗೆ ವಯರು ಕೊಟ್ಟಿಲ್ಲ. ಮಳೆಗಾಲಕ್ಕೆ ಹಿತ್ತಿಲಲ್ಲಿ ಹಂಡೆ ಉಂಟು, ಎರಡು ಮರದ ಒಣ ಮಡಲೂ ಉಂಟು.